ನಾಲ್ಕು ಮೊಳ ದೂರ

ಪ್ರತಿಮೆಯ ನಿಲುವಂಗಿಯ ಮೇಲೆ ಗಿಳಿಗಳು ಕೂತಿದ್ದವು. ನಿಜವಾದವೇ ಇರಬೇಕು ಎಂದು ಹತ್ತಿರ ಹೋದೆ. ಕಂಚಿನವು! ಗುಬ್ಬಚ್ಚಿಗಳೂ ಇದ್ದವು, ನಡುನಡುವೆ ಗುಲಾಬಿಗಳೂ ಇದ್ದವು. ನನ್ನ ಕಣ್ಣು ಮಾತ್ರ ಗಿಳಿಗಳನ್ನು ಬಿಟ್ಟು ಕದಲಲಿಲ್ಲ. ಕೊರಳಲ್ಲಿ ಪಟ್ಟಿ ಇರುವ, ನಮ್ಮ ಜೋಳದ ಹೊಲಕ್ಕೆ ಹಿಂಡುಗಟ್ಟಿ ಇಳಿಯುವ ಅದೇ ಜಾತಿ. ಸಾಕಲು ತಂದವು ಪಂಜರ ತಪ್ಪಿಸಿಕೊಂಡು ಈಗ ಆಮ್‌ಸ್ಟರ್‌ಡ್ಯಾಮ್‌ನ ಮರಗಳಲ್ಲೇ ಸಂಸಾರ ಹೂಡಿವೆ. ಹೊರಗಿನಿಂದ ಬಂದು ಊರಿನವರಾದವರ ಗುರುತಾಗಿ ಶಿಲ್ಪಿ ಅವನ್ನು ಇಲ್ಲಿ ಕೂರಿಸಿದ್ದಾನೆ.

ಪ್ರತಿಮೆ 17ನೇ ಶತಮಾನದ ತತ್ತ್ವಜ್ಞಾನಿ ಸ್ಪಿನೋಜನದು. ನಿಕೋಲಾಸ್ ಡಿಂಗ್ಸ್ ಎಂಬ ಶಿಲ್ಪಿ ಮಾಡಿದ್ದು, 2008ರಲ್ಲಿ ನಿಲ್ಲಿಸಿದ್ದು. ನಗರಸಭೆ ಕಟ್ಟಡದ ಪಕ್ಕ, ಕಾಲುವೆಯ ದಂಡೆ. ಪೀಠದ ಮೇಲೆ ಡಚ್ ಭಾಷೆಯಲ್ಲಿ ಅವನದೇ ಒಂದು ಸಾಲು: ರಾಜ್ಯದ ಗುರಿ ಸ್ವಾತಂತ್ರ್ಯ.

“ದೊಡ್ಡಮ್ಮ, ಇನ್ನೂ ಸ್ವಲ್ಪ ಹತ್ತಿರ ನಿಂತ್ಕೊಳ್ಳಿ” ಎಂದ ತಂಗಿಯ ಮಗ, ಮೊಬೈಲ್ ಹಿಡಿದು. ಅವನು ಇಲ್ಲೇ ಪಕ್ಕದ ಆಮ್‌ಸ್ಟೆಲ್‌ವೀನ್‌ನಲ್ಲಿ ಕೆಲಸದಲ್ಲಿದ್ದಾನೆ. ಟ್ಯುಲಿಪ್ ತೋಟ ತೋರಿಸುತ್ತೇನೆ ಎಂದು ಕರೆಸಿಕೊಂಡವನಿಗೆ ಸ್ಪಿನೋಜನ ಮನೆ ನೋಡಬೇಕು ಎಂದಾಗ ಕೊಂಚ ಗಾಬರಿಯೇ ಆಯಿತು. ಅದು ಯಾವ ಬಸ್ಸು ಎಂದು ಕೇಳಿದ.

ನನಗೂ ಸ್ಪಿನೋಜನಿಗೂ ಹಳೆಯ ಲೆಕ್ಕ ಒಂದಿದೆ. ಬಿ.ಎ.ಯಲ್ಲಿ ಕನ್ನಡ ಮಾಧ್ಯಮದಲ್ಲಿ ತತ್ತ್ವಶಾಸ್ತ್ರ ತೆಗೆದುಕೊಂಡಿದ್ದೆ. ಮೇಷ್ಟ್ರು ನೋಟ್ಸ್ ಹೇಳುತ್ತಿದ್ದರು, ನಾವು ಬರೆದುಕೊಳ್ಳುತ್ತಿದ್ದೆವು. “ಪ್ರತಿಯೊಬ್ಬನೂ ಸ್ವತಂತ್ರವಾಗಿ ಯೋಚಿಸಬೇಕು ಎಂಬುದು ಸ್ಪಿನೋಜನ ನಿಲುವು, ಪೂರ್ಣವಿರಾಮ.” ಪೂರ್ಣವಿರಾಮವನ್ನೂ ಅವರೇ ಹೇಳುತ್ತಿದ್ದರು. ಅದನ್ನು ಬಾಯಿಪಾಠ ಮಾಡಿ, ಅಕ್ಷರ ತಪ್ಪದೆ ಬರೆದು ಐದಕ್ಕೆ ನಾಲ್ಕು ಅಂಕ ತೆಗೆದೆ. ಆ ಒಂದು ಅಂಕ ಯಾಕೆ ಹೋಯಿತು ಅಂತ ಇವತ್ತಿಗೂ ಗೊತ್ತಾಗಿಲ್ಲ.

ಪ್ರತಿಮೆಯಿಂದ ಐದಾರು ನಿಮಿಷ ನಡೆದರೆ ಪೋರ್ಚುಗೀಸ್ ಯಹೂದಿಗಳ ದೊಡ್ಡ ಸಿನಗಾಗ್, ಅವರ ಪ್ರಾರ್ಥನಾಮಂದಿರ. ಒಳಗೆ ಕರೆಂಟ್ ದೀಪವಿಲ್ಲ. ಹಿತ್ತಾಳೆಯ ತೂಗುದೀಪಗಳಲ್ಲಿ ಇವತ್ತಿಗೂ ಮೇಣದ ಬತ್ತಿಯನ್ನೇ ಹಚ್ಚುತ್ತಾರೆ. ಮರದ ನೆಲದ ಮೇಲೆ ತೆಳುವಾಗಿ ಮರಳು ಹಾಸಿದೆ. ನಡೆದರೆ ಹೆಜ್ಜೆಯ ಸದ್ದೇ ಕೇಳುವುದಿಲ್ಲ. ಇಲ್ಲೇ ನಿಲ್ಲಿಸಿ ಸ್ಪಿನೋಜನಿಗೆ ಬಹಿಷ್ಕಾರ ಹಾಕಿದ್ದು ಎಂದು ತಂಗಿಯ ಮಗನಿಗೆ ಪಿಸುಗುಟ್ಟಿದೆ. ತಪ್ಪು ಹೇಳಿದ್ದೆ. ಈ ಕಟ್ಟಡ ಮುಗಿದದ್ದು 1675ರಲ್ಲಿ. ಬಹಿಷ್ಕಾರ 1656ರ ಜುಲೈ 27ರಂದು, ಹಳೆಯ ಸಿನಗಾಗ್‌ನಲ್ಲಿ. ಆಗ ಅವನಿಗೆ 23 ವರ್ಷ.

ಬಹಿಷ್ಕಾರದ ಮಾತುಗಳು ಪೋರ್ಚುಗೀಸ್ ಭಾಷೆಯಲ್ಲಿ ಬರೆದ ಕಡತದಲ್ಲಿ ಉಳಿದಿವೆ. ಹಗಲಲ್ಲಿ ಅವನಿಗೆ ಶಾಪ, ಇರುಳಲ್ಲಿ ಶಾಪ. ಮಲಗುವಾಗ ಶಾಪ, ಏಳುವಾಗ ಶಾಪ. ಹೊರಗೆ ಹೋಗುವಾಗ, ಒಳಗೆ ಬರುವಾಗ ಶಾಪ. ಅದು ದೇವರಿಗೆ ಬಿಟ್ಟ ಭಾಗ. ಜನಕ್ಕೆ ಹೇಳಿದ್ದು ಆಮೇಲೆ ಬರುತ್ತದೆ. ಯಾರೂ ಅವನ ಜೊತೆ ಮಾತಾಡಬಾರದು. ಕಾಗದ ಬರೆಯಬಾರದು. ಒಂದೇ ಸೂರಿನ ಕೆಳಗೆ ಇರಬಾರದು. ನಾಲ್ಕು ಮೊಳಕ್ಕಿಂತ ಹತ್ತಿರ ಹೋಗಬಾರದು. ಅವನು ಬರೆದದ್ದು ಯಾವುದನ್ನೂ ಓದಬಾರದು.

ಆಗಿನ್ನೂ ಅವನು ಬರೆದ ಒಂದು ಪುಟವೂ ಅಚ್ಚಾಗಿರಲಿಲ್ಲ.

ನಮ್ಮ ಕಡೆ ಹೊರಗೆ ಹಾಕಿದ ಮನೆಗೆ ಬೆಂಕಿ, ನೀರು ಕೊಡುವುದಿಲ್ಲ ಎನ್ನುತ್ತಿದ್ದರು. ಅಜ್ಜಿ ಹೇಳಿದ ಅಂಥ ಕಥೆಗಳಲ್ಲೂ ದೂರವನ್ನು ಹೀಗೆ ಮೊಳ ಹಾಕಿ ಅಳೆದದ್ದು ನೆನಪಿಲ್ಲ. ಮೊಣಕೈಯಿಂದ ನಡುಬೆರಳ ತುದಿಯವರೆಗೆ ಒಂದು ಮೊಳ. ಹೂ ಮಾರುವವರು ಇವತ್ತಿಗೂ ಅಳೆಯುವುದು ಹಾಗೇ ಅಲ್ವಾ? ಸಿನಗಾಗ್‌ನ ಅಂಗಳದಲ್ಲಿ ಸುಮ್ನೆ ಕೈ ಚಾಚಿ ನಾಲ್ಕು ಮೊಳ ಅಳೆದು ನೋಡಿದೆ. ಆರಡಿ. ಎದುರು ಸಿಕ್ಕವನ ಮುಖ ಸ್ಪಷ್ಟವಾಗಿ ಕಾಣುವಷ್ಟು ಹತ್ತಿರ, ಕೈಕುಲುಕಲಾಗದಷ್ಟು ದೂರ.

ಬಹಿಷ್ಕಾರ ಹಾಕಿದ ಆ ಜನರ ಪಾಡನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ಪೋರ್ಚುಗಲ್‌ನಲ್ಲಿ ಬಲವಂತಕ್ಕೆ ಕ್ರೈಸ್ತರಾಗಿ, ಮನೆಯೊಳಗೆ ಬಾಗಿಲು ಹಾಕಿಕೊಂಡು ತಮ್ಮ ದೇವರನ್ನು ನೆನೆದು, ಸಿಕ್ಕಿಬಿದ್ದರೆ ಸುಡುತ್ತಾರೆ ಎಂದು ಹೆದರಿ ಓಡಿಬಂದವರ ಮಕ್ಕಳು ಅವರು. ಇಲ್ಲಿ ಸಿಕ್ಕ ಜಾಗ ಕೈತಪ್ಪುತ್ತದೋ ಎಂಬ ಭಯ. ಭಯಪಟ್ಟವರು ತಮ್ಮ ಹುಡುಗನನ್ನೇ ಹೊರಗೆ ದಬ್ಬಿದರು. 2015ರಲ್ಲಿ ವಿದ್ವಾಂಸರನ್ನು ಕರೆಸಿ, ಬಹಿಷ್ಕಾರ ತೆಗೆಯಬೇಕೇ ಎಂದು ಇದೇ ಊರಲ್ಲಿ ಚರ್ಚೆ ನಡೆಸಿದರು. ತೆಗೆಯಲಿಲ್ಲ.

ಮರುದಿನ ಲೈಡನ್‌ವರೆಗೆ ರೈಲು, ಅಲ್ಲಿಂದ ಬಸ್ಸು. ರೈನ್ಸ್‌ಬರ್ಗ್ ಹೂವಿನ ವ್ಯಾಪಾರದ ಊರು. ಸ್ಪಿನೋಜ 1661ರಿಂದ 1663ರವರೆಗೆ ಇಲ್ಲಿ ಬಾಡಿಗೆಗಿದ್ದ. ನಾವು ಬೆಳಿಗ್ಗೆಯೇ ಹೋಗಿ ಬಾಗಿಲಲ್ಲಿ ನಿಂತೆವು. ತೆಗೆಯುವುದು ಮಧ್ಯಾಹ್ನ! ಸಮಯ ನೋಡದೆ ಹೊರಡಿಸಿದ್ದು ನಾನೇ. ಡಬ್ಬಿಯಲ್ಲಿದ್ದ ಚಿತ್ರಾನ್ನವನ್ನು ಬೆಂಚಿನ ಮೇಲೆ ಕೂತು ತಿಂದೆವು. ಗಾಳಿಗೆ ಕಡಲೆಬೀಜ ಹಾರುವುದೊಂದು ಬಾಕಿ.

ಇಟ್ಟಿಗೆಯ ಪುಟ್ಟ ಮನೆ. ಗೋಡೆಯ ಕಲ್ಲಿನಲ್ಲಿ ಕಾಂಪ್‌ಹೈಸನ್ ಎಂಬ ಡಚ್ ಕವಿಯ ನಾಲ್ಕು ಸಾಲು ಕೆತ್ತಿದ್ದಾರೆ. ತಂಗಿಯ ಮಗ ತನಗೆ ಬಂದಷ್ಟು ಡಚ್‌ನಲ್ಲಿ ಬಿಡಿಸಿ ಹೇಳಿದ: ಅಯ್ಯೋ, ಎಲ್ಲರೂ ತಿಳಿದವರಾಗಿದ್ದು, ಮನಸ್ಸೂ ಒಳ್ಳೆಯದಿದ್ದಿದ್ದರೆ ಈ ಭೂಮಿ ಸ್ವರ್ಗವಾಗುತ್ತಿತ್ತು, ಈಗಂತೂ ಬಹುಪಾಲು ನರಕ.

ಒಳಗೆ ಮಸೂರ ಉಜ್ಜುವ ಯಂತ್ರದ ಮಾದರಿ ಇದೆ. ಹೊಟ್ಟೆಪಾಡಿಗೆ ಅವನು ಕಲಿತ ಕೆಲಸ ಅದು. ಸುಮ್ಮನೆ ಕೈಗೆ ಹತ್ತಿದ ಕಸುಬಲ್ಲ. ದೂರದರ್ಶಕ ಮಾಡಿ ಶನಿಗ್ರಹದ ಉಂಗುರವನ್ನು ಅರ್ಥಮಾಡಿಕೊಂಡ ಹೈಗನ್ಸ್ ಅಂಥವನೇ ಇವನ ಮಸೂರಗಳನ್ನು ಮೆಚ್ಚಿಕೊಂಡಿದ್ದ. ಇನ್ನೊಂದು ಕೋಣೆಯಲ್ಲಿ ಪುಸ್ತಕಗಳು. ಸತ್ತಾಗ ಅವನ ಹತ್ತಿರ ಇದ್ದದ್ದು ಸುಮಾರು 160. ಅವನು ಬಿಟ್ಟುಹೋದ ಸಾಮಾನಿನ ಲೆಕ್ಕಕ್ಕಾಗಿ ಮಾಡಿದ ಪಟ್ಟಿ ಉಳಿದಿತ್ತು. ಅದನ್ನು ಹಿಡಿದು ಅವೇ ಹಳೆಯ ಮುದ್ರಣಗಳನ್ನು ಹುಡುಕಿ ತಂದು ಜೋಡಿಸಿದ್ದಾರೆ. ಎರಡನೆಯ ಮಹಾಯುದ್ಧದಲ್ಲಿ ನಾಜಿಗಳು ಇಡೀ ಕಪಾಟನ್ನು ಹೊತ್ತೊಯ್ದರು. ಯುದ್ಧ ಮುಗಿದ ಮೇಲೆ ವಾಪಸ್ ಬಂತು. ಸಂದರ್ಶಕರ ಪುಸ್ತಕದಲ್ಲಿ 1920ರ ನವೆಂಬರ್‌ನ ಒಂದು ಸಹಿ: ಐನ್‌ಸ್ಟೈನ್.

ಅಲ್ಲಿ ನೋಡಿಕೊಳ್ಳಲು ಒಬ್ಬ ವಯಸ್ಸಾದವರು ಕೂತಿದ್ದರು. ಇವನನ್ನು ಯಾವ ಭಾಷೆಯಲ್ಲಿ ಓದಿದಿರಿ ಎಂದು ಕೇಳಿದರು. ಕನ್ನಡ ಎಂದೆ. ಎಷ್ಟು ಜನ ಆಡುತ್ತಾರೆ ಎಂದರು. ನಾಲ್ಕು ಕೋಟಿಗೂ ಮೇಲೆ ಎಂದಾಗ ಹುಬ್ಬು ಏರಿಸಿದರು. ಡಚ್ಚಿಗಿಂತ ಜಾಸ್ತಿ! ನನಗೆ ಒಳಗೊಳಗೇ ಖುಷಿಯಾಯಿತು. ಆಮೇಲೆ ಅವರು, “ಇವನು ಲ್ಯಾಟಿನ್ ಬಿಟ್ಟು ಡಚ್‌ನಲ್ಲಿ ಬರೆದಿದ್ದರೆ ನೀವು ನೋಡಲು ಈ ಮನೆ ಇರುತ್ತಿರಲಿಲ್ಲ. ಕೂರ್ಬಾಖ್ ಗೊತ್ತೇ?” ಎಂದರು.

ಗೊತ್ತಿರಲಿಲ್ಲ. ನಮ್ಮ ಮೇಷ್ಟ್ರ ನೋಟ್ಸ್‌ನಲ್ಲಿ ಆ ಹೆಸರು ಇರಲಿಲ್ಲ.

ಆದ್ರಿಯಾನ್ ಕೂರ್ಬಾಖ್ ಸ್ಪಿನೋಜನ ಓರಗೆಯವನು, ಅವನ ಗೆಳೆಯರ ಬಳಗದವನು. ವೈದ್ಯಕೀಯವನ್ನೂ ಕಾನೂನನ್ನೂ ಓದಿದವನು. 1668ರಲ್ಲಿ ಒಂದು ನಿಘಂಟು ಅಚ್ಚು ಹಾಕಿಸಿದ. ಹೂದೋಟ ಎಂಬ ಅರ್ಥದ ಹೆಸರು. ಡಚ್‌ನೊಳಗೆ ಸೇರಿಕೊಂಡಿದ್ದ ಲ್ಯಾಟಿನ್, ಗ್ರೀಕ್, ಹೀಬ್ರೂ ಪದಗಳನ್ನು ಮನೆಮಾತಿನಲ್ಲಿ ಬಿಡಿಸಿ ಹೇಳುವ ಪುಸ್ತಕ. ವಕೀಲರು, ಪಾದ್ರಿಗಳು, ವೈದ್ಯರು ಅರ್ಥವಾಗದ ಮಾತಾಡಿ ಜನರನ್ನು ಕತ್ತಲಲ್ಲಿ ಇಟ್ಟಿದ್ದಾರೆ ಎಂಬುದು ಅವನ ಸಿಟ್ಟು. ಬೈಬಲ್ ಎಂಬ ಪದಕ್ಕೆ ಅವನು ಕೊಟ್ಟ ಅರ್ಥ ನೋಡಿ: ಗ್ರೀಕ್ ಪದ, ಪುಸ್ತಕ ಎಂದಷ್ಟೇ ಅರ್ಥ, ಯಾವ ಪುಸ್ತಕವಾದರೂ ಆಗಬಹುದು, ನರಿಯ ಕಥೆಯ ಪುಸ್ತಕವಾದರೂ ಸರಿ.

ನಿಘಂಟು ಬರೆದ ಕಿಟೆಲ್‌ಗೆ ನಾವು ಬೆಂಗಳೂರಿನಲ್ಲಿ ಪ್ರತಿಮೆ ನಿಲ್ಲಿಸಿದೆವು. ಕೂರ್ಬಾಖ್ ತಲೆಮರೆಸಿಕೊಳ್ಳಬೇಕಾಯಿತು. ಇನ್ನೊಂದು ಪುಸ್ತಕ ಅಚ್ಚಿಗೆ ಕೊಟ್ಟಿದ್ದ, ಮುದ್ರಕ ಹೆದರಿ ಅರ್ಧಕ್ಕೆ ನಿಲ್ಲಿಸಿ ಅಧಿಕಾರಿಗಳಿಗೆ ಹೇಳಿಬಿಟ್ಟ. ಯಾರೋ ಹಣದ ಆಸೆಗೆ ಸುಳಿವು ಕೊಟ್ಟರು. ಲೈಡನ್‌ನಲ್ಲಿ ಸಿಕ್ಕಿಬಿದ್ದ. ವಿಚಾರಣೆಯಲ್ಲಿ ಸ್ಪಿನೋಜನ ಬಗ್ಗೆಯೂ ಕೇಳಿದರು. ಅವನ ಮನೆಗೆ ಹೋಗಿದ್ದುಂಟು, ಈ ವಿಷಯ ಮಾತಾಡಿದ್ದಿಲ್ಲ ಎಂದ. ಗೆಳೆಯನನ್ನು ಉಳಿಸಲು ಹಾಗೆಂದ ಅಂತ ನನ್ನ ಅನಿಸಿಕೆ. ಹತ್ತು ವರ್ಷ ಜೈಲು, ಅದಾದ ಮೇಲೆ ಹತ್ತು ವರ್ಷ ಗಡೀಪಾರು, 4,000 ಗಿಲ್ಡರ್ ದಂಡ. ಹತ್ತು ವರ್ಷ ಬೇಕಾಗಲಿಲ್ಲ. 1669ರ ಅಕ್ಟೋಬರ್‌ನಲ್ಲಿ ಒಳಗೇ ಸತ್ತ.

ಮರುವರ್ಷ ಸ್ಪಿನೋಜನ ದೇವಶಾಸ್ತ್ರ ಮತ್ತು ರಾಜಕೀಯದ ಗ್ರಂಥ ಬಂತು. ಲ್ಯಾಟಿನ್‌ನಲ್ಲಿ. ಅವನ ಹೆಸರಿಲ್ಲ. ಪ್ರಕಾಶಕ ಹ್ಯಾಂಬರ್ಗ್‌ನವನೆಂದು ಸುಳ್ಳು ಹೆಸರು, ಅಚ್ಚಾದದ್ದು ಆಮ್‌ಸ್ಟರ್‌ಡ್ಯಾಮ್‌ನಲ್ಲೇ. ನನಗೆ ನಾಲ್ಕು ಅಂಕ ತಂದುಕೊಟ್ಟ ಮಾತು ಇರುವುದು ಅದರ ಕೊನೆಯ ಅಧ್ಯಾಯದಲ್ಲಿ: ಸ್ವತಂತ್ರ ರಾಜ್ಯದಲ್ಲಿ ಯಾರು ಏನನ್ನು ಬೇಕಾದರೂ ಯೋಚಿಸಬಹುದು, ಯೋಚಿಸಿದ್ದನ್ನು ಹೇಳಬಹುದು. 1671ರಲ್ಲಿ ಯಾರೋ ಅದನ್ನು ಡಚ್‌ಗೆ ಅನುವಾದಿಸಿದ್ದಾರೆ, ಅಚ್ಚಿಗೆ ಹೋಗಲಿದೆ ಎಂದು ಸುದ್ದಿ ಬಂತು. ತಕ್ಷಣ ಸ್ಪಿನೋಜ ಗೆಳೆಯನೊಬ್ಬನಿಗೆ ಕಾಗದ ಬರೆದ: ದಯವಿಟ್ಟು ಅದನ್ನು ನಿಲ್ಲಿಸು.

ಅವನ ಮುದ್ರೆಯುಂಗುರದಲ್ಲಿ ಕೆತ್ತಿದ್ದ ಲ್ಯಾಟಿನ್ ಪದ ಕೌತೆ. ಹುಷಾರು ಎಂದು ಅರ್ಥ.

ಬಸ್ಸಿನಲ್ಲಿ ವಾಪಸ್ ಬರುವಾಗ ನನಗೆ ಸ್ಪಿನೋಜನ ಮೇಲೆ ಸಣ್ಣ ಮುನಿಸು ಹುಟ್ಟಿತ್ತು. ನಮ್ಮಲ್ಲಿ 12ನೇ ಶತಮಾನದಲ್ಲಿ ಕಲ್ಯಾಣದ ಶರಣರು ಸಂಸ್ಕೃತ ಬಿಟ್ಟು ಕನ್ನಡದಲ್ಲಿ ಆಡಿದರಲ್ಲ, ಮಡಿವಾಳರು, ಅಂಬಿಗರು, ಸೂಳೆಯರೂ ಸಹ. “ಇವನಿಗೇನಾಗಿತ್ತು ಧಾಡಿ?” ಎಂದೆ. ತಂಗಿಯ ಮಗ ನಕ್ಕ. “ದೊಡ್ಡಮ್ಮ, ಮನೆಮಾತು ಡಚ್ಚೇ ಆಗಿತ್ತಾ ಅವನಿಗೆ?” ಎಂದು ಕೇಳಿದ. ಕೇಳಿದ್ದು ಸರಿಯೇ. ಮನೆಯಲ್ಲಿ ಪೋರ್ಚುಗೀಸ್, ಪ್ರಾರ್ಥನೆಗೆ ಹೀಬ್ರೂ, ಬೀದಿಯಲ್ಲಿ ಡಚ್. 1665ರಲ್ಲಿ ಡಾರ್ಡ್ರೆಕ್ಟ್‌ನ ಒಬ್ಬ ಧಾನ್ಯದ ವ್ಯಾಪಾರಿಗೆ ಡಚ್‌ನಲ್ಲಿ ಬರೆದ ಕಾಗದದ ಕೊನೆಗೆ, ನಾನು ಬೆಳೆದ ಭಾಷೆಯಲ್ಲೇ ಬರೆಯುವ ಹಾಗಿದ್ದರೆ ಇನ್ನೂ ಚೆನ್ನಾಗಿ ಹೇಳುತ್ತಿದ್ದೆನೇನೋ ಎಂದು ನೊಂದುಕೊಂಡಿದ್ದಾನೆ. ಹೊರಗೆ ಹಾಕಿದವರ ಭಾಷೆಯೇ ಅವನ ಭಾಷೆ. ಅದರಲ್ಲಿ ಯಾರಿಗೆ ಬರೆಯುವುದು? ನನ್ನ ಮುನಿಸು ಅರ್ಧ ಇಳಿಯಿತು.

ಇನ್ನರ್ಧ ಹೇಗ್‌ನಲ್ಲಿ ಇಳಿಯಿತು. ಪಾವಿಲ್ಯೂನ್ಸ್‌ಖ್ರಾಖ್ತ್ ಎಂಬ ಬೀದಿ. ಈ ಹೆಸರು ಹೇಳಲು ಹೋಗಿ ಗಂಟಲಿಗೆ ಮೀನಿನ ಮುಳ್ಳು ಸಿಕ್ಕಿದ ಹಾಗಾಯಿತು. ಅಲ್ಲಿ ಒಬ್ಬ ಚಿತ್ರಕಾರನ ಮನೆಯಲ್ಲಿ ಕೋಣೆ ಹಿಡಿದು ಸ್ಪಿನೋಜ ಕೊನೆಯ ವರ್ಷಗಳನ್ನು ಕಳೆದ. 1673ರಲ್ಲಿ ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯದಿಂದ ಪ್ರಾಧ್ಯಾಪಕನಾಗಲು ಕರೆ ಬಂದದ್ದು ಇದೇ ವಿಳಾಸಕ್ಕೆ. ಯೋಚಿಸಲು ಪೂರ್ಣ ಸ್ವಾತಂತ್ರ್ಯ ಕೊಡುತ್ತೇವೆ, ಸ್ಥಾಪಿತ ಧರ್ಮವನ್ನು ಕದಡಲು ಅದನ್ನು ಬಳಸುವುದಿಲ್ಲ ಎಂಬ ನಂಬಿಕೆ ಇದೆ ಎಂದು ಬರೆದಿದ್ದರು. ಆ ಸ್ವಾತಂತ್ರ್ಯದ ಗಡಿ ಎಲ್ಲಿಗೆ ಮುಗಿಯುತ್ತದೆಂದು ನನಗೆ ತಿಳಿಯದು ಎಂದು ಉತ್ತರ ಬರೆದು, ಮಸೂರ ಉಜ್ಜುತ್ತಾ ಉಳಿದ. ಸಂಬಳದ ಕೆಲಸ ಮಾಡಿ ನಿವೃತ್ತಳಾದ ನನಗೆ ಆ ಉತ್ತರ ಓದಿ ಸ್ವಲ್ಪ ನಾಚಿಕೆಯೇ ಆಯಿತು.

ಅಲ್ಲಿಂದ ಕಾಲು ಗಂಟೆ ನಡೆದರೆ ಹಳೆಯ ಜೈಲಿನ ಬಾಗಿಲು. 1672ರ ಆಗಸ್ಟ್ 20ರಂದು ಜನ ಅಲ್ಲಿ ಗುಂಪುಕಟ್ಟಿ ಯೋಹಾನ್ ಡಿ ವಿಟ್ ಮತ್ತವನ ಅಣ್ಣನನ್ನು ಕೊಂದರು, ಸೀಳಿದರು, ಮಾರಿದರು. ಸುಮಾರು ಇಪ್ಪತ್ತು ವರ್ಷ ದೇಶ ನಡೆಸಿದವನು ಯೋಹಾನ್. ತಮ್ಮನ ನಾಲಿಗೆ, ಅಣ್ಣನ ಬೆರಳು ಊರಿನ ಮ್ಯೂಸಿಯಂನಲ್ಲಿ ಇವತ್ತಿಗೂ ಇವೆ. ನಾನು ನೋಡಲು ಹೋಗಲಿಲ್ಲ. ಆ ರಾತ್ರಿ ಸ್ಪಿನೋಜ ಒಂದು ಬರಹ ಸಿದ್ಧ ಮಾಡಿ, ಕೊಲೆಯಾದ ಜಾಗದಲ್ಲಿ ಅಂಟಿಸಲು ಹೊರಟನಂತೆ: ಅನಾಗರಿಕರಲ್ಲೇ ಕಡೆಯವರು ನೀವು. ಮನೆಯ ಯಜಮಾನ ಬಾಗಿಲಿಗೆ ಬೀಗ ಹಾಕಿ ತಡೆದ. ಇದನ್ನು ಸ್ಪಿನೋಜನೇ ಜರ್ಮನ್ ತತ್ತ್ವಜ್ಞಾನಿ ಲೈಬ್‌ನಿಟ್ಸ್‌ಗೆ ಹೇಳಿದ್ದು, 1676ರಲ್ಲಿ. ಬೆರಳಲ್ಲಿ ಹುಷಾರು ಎಂದು ಕೆತ್ತಿದ ಉಂಗುರ ಇಟ್ಟುಕೊಂಡವನು ಒಂದು ರಾತ್ರಿ ಅದನ್ನು ಮರೆತ. ಲ್ಯಾಟಿನ್‌ನಲ್ಲೇ ಬರೆದಿದ್ದ, ಅದು ಬೇರೆ ಮಾತು!

1677ರ ಫೆಬ್ರವರಿ 21ರಂದು, 44ನೇ ವಯಸ್ಸಿನಲ್ಲಿ, ಶ್ವಾಸಕೋಶದ ಕಾಯಿಲೆಯಲ್ಲಿ ತೀರಿಕೊಂಡ. ಹಸ್ತಪ್ರತಿಗಳನ್ನು ತುಂಬಿದ ಮೇಜನ್ನು ಆಮ್‌ಸ್ಟರ್‌ಡ್ಯಾಮ್‌ನ ಪ್ರಕಾಶಕನಿಗೆ ಕಳಿಸಿದರು. ಅದೇ ವರ್ಷ ಗೆಳೆಯರು ಅವನ ಬರಹಗಳನ್ನು ಲ್ಯಾಟಿನ್‌ನಲ್ಲೂ ಡಚ್‌ನಲ್ಲೂ ಒಟ್ಟಿಗೇ ತಂದರು. ನಿಲ್ಲಿಸು ಎನ್ನಲು ಅವನಿರಲಿಲ್ಲ. ಸಮಾಧಿ ಹೊಸ ಚರ್ಚಿನೊಳಗೆ ಬಾಡಿಗೆಯ ಗುಂಡಿಯಲ್ಲಿ ಆಗಿತ್ತು, ಬಾಡಿಗೆ ಕಟ್ಟುವವರಿಲ್ಲದೆ ಮೂಳೆಗಳನ್ನು ಹೊರಗೆ ತೆಗೆದರು. ಈಗ ಚರ್ಚಿನ ಹಿಂದೆ ಒಂದು ಕಲ್ಲಿದೆ. ಅದರ ಮೇಲೆ ಹೀಬ್ರೂವಿನಲ್ಲಿ ಒಂದೇ ಪದ: ನಿನ್ನವರು. 1956ರಲ್ಲಿ, ಬಹಿಷ್ಕಾರಕ್ಕೆ 300 ವರ್ಷವಾದಾಗ ಇಟ್ಟದ್ದು. ನಾನು ನಾಲ್ಕು ಮೊಳದ ಒಳಗೇ ಹೋಗಿ ನಿಂತೆ.

ಕೊನೆಯ ದಿನ ಮನೆಯವರಿಗೆಲ್ಲ ಸಾಮಾನು ಕೊಳ್ಳುವುದಿತ್ತು. ಆಮ್‌ಸ್ಟರ್‌ಡ್ಯಾಮ್‌ನ ಹೈಲಿಗೆವೆಖ್ ಬೀದಿಯಲ್ಲಿ, ಅಂಗಡಿಗಳ ಸಾಲಿನ ನಡುವೆ ಒಂದು ಹಳೆಯ ಕಲ್ಲಿನ ಬಾಗಿಲು. ಮೇಲೆ ಚಾವಟಿ ಹಿಡಿದ ಹೆಂಗಸಿನ ಶಿಲ್ಪ, ಅಕ್ಕಪಕ್ಕ ಸರಪಳಿ ಬಿಗಿದ ಕೈದಿಗಳು. ರಾಸ್ಪ್‌ಹೌಸ್ ಎಂಬ ಜೈಲಿನ ಬಾಗಿಲು ಅದು. ಒಳಗಿದ್ದವರು ಬ್ರೆಜಿಲ್‌ನಿಂದ ಬಂದ ಗಟ್ಟಿ ಮರವನ್ನು ಅರದಿಂದ ಉಜ್ಜಿ, ಬಟ್ಟೆಯ ಬಣ್ಣಕ್ಕೆ ಪುಡಿ ಮಾಡಬೇಕಿತ್ತು. ಕೂರ್ಬಾಖ್ ಸತ್ತದ್ದು ಇದೇ ಬಗೆಯ ಇನ್ನೊಂದು ಜೈಲಿನಲ್ಲಿ. ಈಗ ಈ ಬಾಗಿಲಿನ ಹಿಂದೆ ಶಾಪಿಂಗ್ ಮಾಲ್.

“ಅವನ ಪ್ರತಿಮೆ ಎಲ್ಲಿದೆಯೋ?” ಎಂದೆ.

“ಯಾರದು?”

“ನಿಘಂಟಿನವನದು.”

ಅವನು ಮೊಬೈಲ್ ತೆಗೆದು ಹುಡುಕಲು ನಿಂತ. ಜನ ಎರಡೂ ಕಡೆಯಿಂದ ನಮ್ಮನ್ನು ಒರೆಸಿಕೊಂಡು ಹೋಗುತ್ತಿದ್ದರು. ಎರಡೂ ಕೈಯಲ್ಲಿ ಚಾಕಲೇಟ್ ಚೀಲ ಹಿಡಿದು ನಾನು ಬಾಗಿಲಿನ ಕಲ್ಲಿಗೆ ಒರಗಿದೆ.