ಬೆರಳಲ್ಲಿ ಒರೆಸಿದ ಒಂದು ಪ್ಲಸ್

ಅವತ್ತು ಮೇಷ್ಟ್ರು ತರಗತಿಗೆ ಬಂದವರೇ ಕಪ್ಪು ಹಲಗೆಯ ಮೇಲೆ ಒಂದು ದೊಡ್ಡ ಸೊನ್ನೆ ಬರೆದರು. ಅದರೊಳಗೆ ಏಳು ಪ್ಲಸ್ ಗುರುತು ಹಾಕಿದರು. "ಇದು ಯಾರು, ಹೇಳಿ?" ಎಂದರು. 'ಏನು' ಅನ್ನಲಿಲ್ಲ, 'ಯಾರು' ಎಂದರು.

ನಾವು ಎಣಿಸಿ "ನೈಟ್ರೋಜನ್ ಸಾರ್" ಎಂದೆವು. ಅವರು ಹೆಬ್ಬೆರಳಿನಿಂದ ಒಂದು ಪ್ಲಸ್ ಒರೆಸಿದರು. "ಈಗ?" ಕಾರ್ಬನ್. ಒರೆಸಿದ್ದನ್ನು ಮತ್ತೆ ಬರೆದು, ಪಕ್ಕದಲ್ಲಿ ಇನ್ನೊಂದನ್ನೂ ಸೇರಿಸಿದರು. "ಈಗ?" ಆಕ್ಸಿಜನ್. ಆ ಸೊನ್ನೆ ಪರಮಾಣುವಿನ ನಡುವಿನ ನ್ಯೂಕ್ಲಿಯಸ್, ಒಂದು ಪ್ಲಸ್ ಅಂದರೆ ಅದರೊಳಗಿನ ಒಂದು ಪ್ರೋಟಾನ್. ಒಂದು ಹೋದರೆ ಹೆಸರೇ ಬೇರೆ, ಗುಣವೇ ಬೇರೆ. ನಾವು ಆಟ ಅಂದುಕೊಂಡು ಕೂಗುತ್ತಿದ್ದೆವು. ಆ ಹತ್ತು ನಿಮಿಷದಲ್ಲಿ ಕಲಿತದ್ದು ಇಷ್ಟು ವರ್ಷವಾದರೂ ನನಗೆ ಮರೆತಿಲ್ಲ.

ಆಮೇಲೆ ನನ್ನನ್ನು ಹಲಗೆಯ ಹತ್ತಿರ ಕರೆದರು. ಹನ್ನೊಂದು ಪ್ಲಸ್, ಹೊರಗೆ ಹನ್ನೊಂದು ಎಲೆಕ್ಟ್ರಾನ್. ಸೋಡಿಯಂ. ಹೊರಗಿನ ಒಂದು ಎಲೆಕ್ಟ್ರಾನ್ ಅಳಿಸು ಎಂದರು, ಅಳಿಸಿದೆ. "ಈಗ ಯಾರು?" ಹೊರಗೆ ಹತ್ತು ಉಳಿದಿತ್ತು. ಹತ್ತು ಅಂದರೆ ನಿಯಾನ್ ಅಲ್ವಾ? ನಾನು ಹಾಗೇ ಹೇಳಿದೆ. ಮೇಷ್ಟ್ರು ತಪ್ಪು ಅನ್ನಲಿಲ್ಲ. "ಮನೆ ಯಾರದು ಅಂತ ಅಂಗಳದಲ್ಲಿ ನಿಂತವರನ್ನು ಎಣಿಸಿದರೆ ಗೊತ್ತಾಗುತ್ತಾ? ಒಳಗೆ ಎಣಿಸು" ಎಂದರು. ಒಳಗೆ ಹನ್ನೊಂದು ಹಾಗೇ ಇತ್ತು. ಹಾಗಾಗಿ ಅದು ಸೋಡಿಯಮ್ಮೇ, ಒಂದು ಎಲೆಕ್ಟ್ರಾನ್ ಬಿಟ್ಟುಕೊಟ್ಟ ಸೋಡಿಯಂ ಅಯಾನ್. ಉಪ್ಪಿನ ಹರಳಿನಲ್ಲಿ ಕ್ಲೋರಿನ್ ಅಯಾನಿನ ಪಕ್ಕ ಗಟ್ಟಿಯಾಗಿ ಅಂಟಿಕೊಂಡು ಕೂತಿರುವುದು ಇದೇ. ನಿಯಾನ್ ಹಾಗೆ ಯಾರ ಜೊತೆಗೂ ಅಂಟಿ ಕೂರುವುದಿಲ್ಲ. ಹೊರಗೆ ಇಬ್ಬರಿಗೂ ಹತ್ತೇ, ಒಳಗಿನ ಲೆಕ್ಕ ಬೇರೆ.

ಎಲೆಕ್ಟ್ರಾನ್ ಮುಖ್ಯ ಅಲ್ಲ ಅಂತಲ್ಲ. ರಸಾಯನಶಾಸ್ತ್ರದ ಕೊಡು-ಕೊಳ್ಳುವಿಕೆ ಎಲ್ಲ ನಡೆಸುವುದು ಅವೇ. ಆದರೆ ಒಂದು ಪರಮಾಣು ತನ್ನ ಸುತ್ತ ಎಷ್ಟು ಎಲೆಕ್ಟ್ರಾನ್ ಇಟ್ಟುಕೊಳ್ಳಬಹುದು ಅನ್ನುವುದು ಒಳಗೆ ಎಷ್ಟು ಪ್ರೋಟಾನ್ ಇದೆ ಅನ್ನುವುದರ ಮೇಲೆ ನಿಂತಿದೆ. ಎಲೆಕ್ಟ್ರಾನ್ ಬರುತ್ತದೆ, ಹೋಗುತ್ತದೆ. ಪ್ರೋಟಾನ್ ಅಷ್ಟು ಸುಲಭಕ್ಕೆ ಜಗ್ಗುವುದಿಲ್ಲ.

ಮುಂದಿನ ವಾರ ನ್ಯೂಟ್ರಾನ್ ಸರದಿ, ಪ್ರೋಟಾನ್ ಜೊತೆ ಒಳಗೇ ಇರುವ, ಪ್ಲಸ್ಸೂ ಅಲ್ಲದ ಮೈನಸ್ಸೂ ಅಲ್ಲದ ಕಣ. ಆರು ಪ್ರೋಟಾನ್ ಜೊತೆ ಆರು ನ್ಯೂಟ್ರಾನ್ ಇದ್ದರೆ ಕಾರ್ಬನ್-12, ಏಳಿದ್ದರೆ ಕಾರ್ಬನ್-13, ಎಂಟಿದ್ದರೆ ಕಾರ್ಬನ್-14. ತೂಕ ಬೇರೆಯಾದರೂ ಮೂರೂ ಕಾರ್ಬನ್ನೇ. ಅದರ ಪಕ್ಕದಲ್ಲೇ ಮೇಷ್ಟ್ರು ಏಳು ಪ್ರೋಟಾನ್, ಏಳು ನ್ಯೂಟ್ರಾನಿನ ನೈಟ್ರೋಜನ್ ಬರೆದರು. ಅದರ ಮೊತ್ತವೂ 14. ಕಾರ್ಬನ್-14ಕ್ಕೂ ಇದಕ್ಕೂ ತೂಕದಲ್ಲಿ ಹೆಚ್ಚುಕಡಿಮೆ ವ್ಯತ್ಯಾಸವೇ ಇಲ್ಲ. ಆದರೆ ಒಂದು ಇದ್ದಿಲಿನ ಜಾತಿ, ಇನ್ನೊಂದು ನಾವು ಉಸಿರಾಡುವ ಗಾಳಿಯ ಮುಕ್ಕಾಲು ಪಾಲಿಗಿಂತ ಜಾಸ್ತಿ ಇರುವ ಅನಿಲ. ನನಗೆ ಅಲ್ಲಿಯವರೆಗೆ ತೂಕವೇ ಗುರುತು ಅಂತ ಒಳಗೊಳಗೇ ಒಂದು ನಂಬಿಕೆ ಇತ್ತು. ಅದು ಬಿಟ್ಟುಹೋಗಿದ್ದು ಆ ಎರಡು ಸೊನ್ನೆಗಳನ್ನು ಅಕ್ಕಪಕ್ಕ ನೋಡಿದಾಗ. ಇನ್ನೂ ಸೊಗಸಾದ ಮಾತು ಆಮೇಲೆ ಬಂತು. ಕಾರ್ಬನ್-14ರಲ್ಲಿ ಒಂದು ನ್ಯೂಟ್ರಾನ್ ತಾನಾಗೇ ಪ್ರೋಟಾನ್ ಆಗಿಬಿಡುತ್ತದೆ, ಒಂದು ಎಲೆಕ್ಟ್ರಾನ್ ಹೊರಗೆ ಹಾರುತ್ತದೆ. ಆರು ಇದ್ದದ್ದು ಏಳಾಯಿತು. ಕಾರ್ಬನ್ ನೈಟ್ರೋಜನ್ ಆಯಿತು! ಸುಮಾರು 5,730 ವರ್ಷದಲ್ಲಿ ಇದ್ದದ್ದರಲ್ಲಿ ಅರ್ಧ ಹೀಗೆ ಬದಲಾಗುತ್ತದೆ.

"ಹಾಗಾದರೆ ನಾವೂ ಬದಲಾಯಿಸಬಹುದಾ ಸಾರ್? ಪಾದರಸದ್ದು 80, ಚಿನ್ನದ್ದು 79. ಒಂದೇ ತಾನೇ ಕಡಿಮೆ?" ಹಿಂದಿನ ಬೆಂಚಿನಿಂದ ಯಾರೋ ಕೇಳಿದರು. ಶತಮಾನಗಟ್ಟಲೆ ರಸವಾದಿಗಳು ಕುಲುಮೆಯಲ್ಲಿ ಬೇಯಿಸಿ ಸೋತದ್ದು ಇಲ್ಲೇ. ಬೆಂಕಿ, ಆಮ್ಲ ಎಲ್ಲ ಹೊರಗಿನ ಎಲೆಕ್ಟ್ರಾನ್‌ಗಳನ್ನು ಮಾತ್ರ ಅಲ್ಲಾಡಿಸುತ್ತವೆ, ನ್ಯೂಕ್ಲಿಯಸ್‌ಗೆ ಅದರ ಬಿಸಿ ತಾಗುವುದೇ ಇಲ್ಲ. ಅದನ್ನು ಮುಟ್ಟಬೇಕಾದರೆ ಕಣದಿಂದಲೇ ಹೊಡೆಯಬೇಕು. ನೈಟ್ರೋಜನ್‌ಗೆ ಆಲ್ಫಾ ಕಣ, ಅಂದರೆ ಎರಡು ಪ್ರೋಟಾನ್, ಎರಡು ನ್ಯೂಟ್ರಾನಿನ ಉಂಡೆ, ಬಡಿದಾಗ ಪ್ರೋಟಾನ್ ಹೊರಬರುತ್ತದೆ ಎಂದು ಭೌತವಿಜ್ಞಾನಿ ರುದರ್‌ಫೋರ್ಡ್ 1919ರಲ್ಲಿ ಪ್ರಕಟಿಸಿದರು. ಹಲಗೆಯ ಮೇಲೆ ಲೆಕ್ಕ ನಾವೇ ಮಾಡಿದೆವು. ಏಳಕ್ಕೆ ಆಲ್ಫಾದ ಎರಡು ಸೇರಿ ಒಂಬತ್ತು, ಒಂದು ಹೊರಗೆ, ಉಳಿದದ್ದು ಎಂಟು. ಆಕ್ಸಿಜನ್. ಅದನ್ನು ಫೋಟೋದಲ್ಲಿ ಹಿಡಿದು ತೋರಿಸಲು ಬ್ಲ್ಯಾಕೆಟ್ ಎಂಬ ಇನ್ನೊಬ್ಬ ಭೌತವಿಜ್ಞಾನಿ ಸುಮಾರು 23,000 ಚಿತ್ರ ತೆಗೆಯಬೇಕಾಯಿತು, ಕಣ ಬಡಿದು ಜಾಡು ಕವಲೊಡೆದದ್ದು ಸಿಕ್ಕಿದ್ದು ಎಂಟೇ. ಪಾದರಸದಿಂದ ಚಿನ್ನವೂ 1941ರಲ್ಲಿ ಆಯಿತು, ವೇಗದ ನ್ಯೂಟ್ರಾನ್ ಬಡಿಸಿ. ಆದರೆ ಆ ಚಿನ್ನ ವಿಕಿರಣಶೀಲ, ಬಹಳ ದಿನ ಉಳಿಯುವಂಥದ್ದಲ್ಲ.

ನಮ್ಮ ಗೋಡೆಯ ಮೇಲೆ ಆವರ್ತ ಕೋಷ್ಟಕದ ಪಟ ಒಂದಿತ್ತು. ಒಂದು ದಿನ ಸುಮ್ನೆ ನೋಡುತ್ತಾ ನಿಂತಿದ್ದೆ. ಟೆಲ್ಯೂರಿಯಂ 127.6, ಅದರ ಮುಂದೆ ಅಯೋಡಿನ್ 126.9. ತೂಕದ ಸಾಲು ಹಿಂದಕ್ಕೆ ಸರಿದಿತ್ತು! ಅಚ್ಚಿನ ತಪ್ಪು ಅಂದುಕೊಂಡು ಮೇಷ್ಟ್ರಿಗೆ ತೋರಿಸಿದೆ. ಅವರ ಮುಖ ಅರಳಿದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. "ಈ ಕೋಷ್ಟಕ ರೂಪಿಸಿದ ಮೆಂಡಲೀವ್‌ಗೂ ಇದೇ ತೊಡಕು" ಎಂದರು. ಗುಣ ನೋಡಿದರೆ ಅಯೋಡಿನ್ ಕ್ಲೋರಿನ್, ಬ್ರೋಮಿನ್‌ಗಳ ಕೆಳಗೇ ಕೂರಬೇಕು. ಮೆಂಡಲೀವ್ ಅಲ್ಲೇ ಕೂರಿಸಿದರು, ಟೆಲ್ಯೂರಿಯಂನ ತೂಕವನ್ನೇ ತಪ್ಪಾಗಿ ಅಳೆದಿರಬೇಕು ಎಂದರು. ತೂಕ ಸರಿಯಾಗೇ ಇತ್ತು. ಸಾಲು ಹಿಡಿಯುವುದು ತೂಕದಿಂದಲ್ಲ, ಪ್ರೋಟಾನ್ ಲೆಕ್ಕದಿಂದ. 52 ಆದ ಮೇಲೆ 53, ಅಷ್ಟೇ. ಅದು ಗೊತ್ತಾಗುವ ಮೊದಲೇ, 1907ರಲ್ಲಿ, ಮೆಂಡಲೀವ್ ತೀರಿಕೊಂಡಿದ್ದರು.

ಅದನ್ನು ಅಳೆದು ತೋರಿಸಿದ್ದು ಇಂಗ್ಲೆಂಡಿನ ಭೌತವಿಜ್ಞಾನಿ ಹೆನ್ರಿ ಮೋಸ್ಲಿ, 1913 ಮತ್ತು 1914ರಲ್ಲಿ. ಗಾಳಿ ತೆಗೆದ ಕೊಳವೆಯೊಳಗೆ ಪುಟ್ಟ ಗಾಡಿ, ಅದರ ಮೇಲೆ ಸಾಲಾಗಿ ಲೋಹದ ತುಂಡುಗಳು. ದಾರ ಎಳೆದು ಒಂದೊಂದನ್ನೇ ಮುಂದೆ ತಂದು ಎಲೆಕ್ಟ್ರಾನ್ ಬಡಿಸುವುದು, ಹೊಮ್ಮುವ ಎಕ್ಸ್-ಕಿರಣ ಅಳೆಯುವುದು. ಆ ಕಿರಣದ ಆವೃತ್ತಿಯ ವರ್ಗಮೂಲ ಒಂದು ಧಾತುವಿನಿಂದ ಮುಂದಿನದಕ್ಕೆ ಮೆಟ್ಟಿಲು ಹತ್ತಿದ ಹಾಗೆ ಸಮನಾಗಿ ಏರುತ್ತಿತ್ತು. ತೂಕದಲ್ಲಿ ಕೋಬಾಲ್ಟ್ ಜಾಸ್ತಿ, ನಿಕಲ್ ಕಡಿಮೆ. ಆದರೂ ಮೆಟ್ಟಿಲಿನಲ್ಲಿ ಕೋಬಾಲ್ಟ್ 27, ನಿಕಲ್ 28. ಮೂರು ಮೆಟ್ಟಿಲು ಮಾತ್ರ ಖಾಲಿ: 43, 61, 75. ಅಲ್ಲಿ ಇನ್ನೂ ಸಿಗದ ಧಾತುಗಳು ಇರಬೇಕು ಎಂದು ಮೋಸ್ಲಿ ಬರೆದರು. 1915ರ ಆಗಸ್ಟ್‌ನಲ್ಲಿ ಮೊದಲ ಮಹಾಯುದ್ಧದಲ್ಲಿ, ಟರ್ಕಿಯ ಗಲಿಪೊಲಿಯಲ್ಲಿ ಗುಂಡಿಗೆ ಬಲಿಯಾದರು. ವಯಸ್ಸು 27.

ಇದನ್ನು ಹೇಳಿ ಮೇಷ್ಟ್ರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ನಮ್ಮಲ್ಲಿ ಮೂವರನ್ನು ಪಟದ ಹತ್ತಿರ ಕರೆದು ಆ ಮೂರು ಮನೆಗಳ ಮೇಲೆ ಬೆರಳಿಡಿ ಎಂದರು. 75, ರೀನಿಯಂ, 1925ರಲ್ಲಿ ಸಿಕ್ಕಿತು. 43, ಟೆಕ್ನೀಷಿಯಂ, 1937ರಲ್ಲಿ. ನನ್ನ ಬೆರಳು 61ರ ಮೇಲಿತ್ತು, ಪ್ರೊಮಿಥಿಯಂ. ಅದು ಸಿಕ್ಕಿದ್ದು 1945ರಲ್ಲಿ. ಮೋಸ್ಲಿ ಖಾಲಿ ಬಿಟ್ಟ ಮನೆಗೆ 31 ವರ್ಷದ ಮೇಲೆ ಜನ ಬಂದಿತ್ತು.