ಮಾತು ಬಿಟ್ಟವರ ತ್ರಿಗಾನ

ಮಾತು ಬಿಟ್ಟ ತಂದೆ ಮಕ್ಕಳನ್ನು ಒಂದೇ ಕೋಣೆಯಲ್ಲಿ ಕೂರಿಸಿದರೆ, ನಾಟಕದಲ್ಲಿ ಒಬ್ಬರು ಆಡಿ ಮುಗಿಸುವ ತನಕ ಇನ್ನೊಬ್ಬರು ಕಾಯಬೇಕಾಗುತ್ತದೆ. ಮಾತು ಹಾಡಾಗಿಬಿಡುವ ಒಪೆರಾದಲ್ಲಾದರೆ ಎಲ್ಲರೂ ಒಟ್ಟಿಗೇ ಹಾಡಬಹುದು, ಯಾರೂ ಯಾರನ್ನೂ ಕೇಳಿಸಿಕೊಳ್ಳದೆ. ಅಮೆರಿಕದ ಸಂಗೀತ ಸಂಯೋಜಕ ಲೆನಾರ್ಡ್ ಬರ್ನ್‌ಸ್ಟೈನರ ಒಪೆರಾ ‘ಎ ಕ್ವಯಟ್ ಪ್ಲೇಸ್’ ನನ್ನನ್ನು ಹಿಡಿದಿಟ್ಟಿರುವುದು ಈ ಕಾರಣಕ್ಕೆ.

ಸ್ಟೀಫನ್ ವಾಡ್ಸ್‌ವರ್ತ್ ಸಾಹಿತ್ಯ ರಚಿಸಿದ ಈ ಕೃತಿ 1983ರಲ್ಲಿ ಹ್ಯೂಸ್ಟನ್‌ನಲ್ಲಿ ಮೊದಲ ಬಾರಿಗೆ ರಂಗಕ್ಕೆ ಬಂತು. ಕಾರು ಅಪಘಾತದಲ್ಲಿ ತೀರಿಕೊಂಡ ಡೈನಾಳ ಅಂತ್ಯಕ್ರಿಯೆಗೆಂದು, ವರ್ಷಗಳಿಂದ ದೂರವಿದ್ದ ಮಗ ಜೂನಿಯರ್ ಬರುತ್ತಾನೆ. ಅವನ ಹಿಂದಿನ ಪ್ರಿಯಕರ ಫ್ರಾನ್ಸ್ವಾ ಈಗ ತಂಗಿ ಡೀಡಿಯ ಗಂಡ. ಈ ಮೂವರೂ ತಂತಮ್ಮ ತಂದೆಯರಿಗೆ ಬರೆದ ಪತ್ರಗಳು ಒಂದು ತ್ರಿಗಾನವಾಗಿ ಹೆಣೆದುಕೊಳ್ಳುತ್ತವೆ. ಸ್ವರಗಳು ಕೂಡುತ್ತವೆ, ಮನುಷ್ಯರು ಕೂಡುವುದಿಲ್ಲ. ಆಮೇಲೆ ಜೂನಿಯರ್ ತಂದೆ ಸ್ಯಾಮ್‌ನನ್ನು ಕೆಣಕಲೆಂದೇ ಆಫ್ರಿಕನ್ ಅಮೆರಿಕನ್ನರ ಬ್ಲೂಸ್ ಸಂಗೀತದ ಧಾಟಿಯಲ್ಲಿ ಹಾಡುತ್ತ ಬಟ್ಟೆ ಕಳಚತೊಡಗುತ್ತಾನೆ. (ಬರ್ನ್‌ಸ್ಟೈನರ ತಂದೆಯ ಹೆಸರೂ ಸ್ಯಾಮ್ಯುಯೆಲ್. ಇದನ್ನು ಕಾಕತಾಳೀಯವೆಂದು ನಂಬುವುದು ನನಗೆ ಕಷ್ಟ.) ಆದರೆ ಜೂನಿಯರ್‌ನ ಕಾಮನೆಯನ್ನು ಅವನ ಮಾನಸಿಕ ಅಸ್ವಸ್ಥತೆಯೊಡನೆ ಒಂದೇ ಗಂಟಿನಲ್ಲಿ ಕಟ್ಟಿರುವುದನ್ನು ಇಂದು ಒಪ್ಪಿಕೊಳ್ಳಲಾಗುವುದಿಲ್ಲ, ಕೃತಿಗೆ ವಯಸ್ಸಾಗಿರುವುದು ಅಲ್ಲಿ ಕಾಣುತ್ತದೆ.

ಲಾರಾ ಕಮಿನ್‌ಸ್ಕಿ ಸಂಯೋಜಿಸಿದ, 2014ರಲ್ಲಿ ಬ್ರೂಕ್ಲಿನ್‌ನಲ್ಲಿ ಮೊದಲು ಪ್ರದರ್ಶನಗೊಂಡ ‘ಆ್ಯಸ್ ಒನ್’ ಎಂಬ ಒಪೆರಾದಲ್ಲಿ ಇಂಥ ಅಬ್ಬರವಿಲ್ಲ. ನಾಲ್ಕು ತಂತಿವಾದ್ಯಗಳು, ಇಬ್ಬರು ಗಾಯಕರು, ಪಾತ್ರ ಮಾತ್ರ ಒಂದೇ: ಹ್ಯಾನಾ ಎಂಬ ಟ್ರಾನ್ಸ್ ಮಹಿಳೆ. ಅವಳ ಹಿಂದಿನ ರೂಪಕ್ಕೆ ಬ್ಯಾರಿಟೋನ್ ಎಂಬ ಮಧ್ಯಮ ಶ್ರುತಿಯ ಗಂಡುದನಿ, ಈಗಿನ ರೂಪಕ್ಕೆ ಮೆಝೋ ಸೊಪ್ರಾನೊ ಎಂಬ ಮಧ್ಯಮ ಶ್ರುತಿಯ ಹೆಣ್ಣುದನಿ. ತಂದೆ ತಾಯಿಯರ ಪಾತ್ರಕ್ಕೆ ಗಾಯಕರೇ ಇಲ್ಲದಿರುವುದರಿಂದ, ಮನೆ ಎಷ್ಟು ದೂರವಾಗಿದೆ ಎಂಬುದನ್ನು ಬೇರೆ ವಿವರಿಸಬೇಕಾಗಿಲ್ಲ. ಒಂದು ಭಾಗದ ಶೀರ್ಷಿಕೆಯೇ ‘ಪ್ರೀತಿಯ ಮಗನೇ’ ಎಂಬ ಪತ್ರದ ಸಂಬೋಧನೆ. ಪ್ರೀತಿಯೇನೋ ಅದರಲ್ಲಿದೆ, ಆದರೆ ಆ ಹೆಸರಿನವರು ಈಗ ಆ ವಿಳಾಸದಲ್ಲಿಲ್ಲ. ಜೂನಿಯರ್ ಜಗಳವಾಡಲಾದರೂ ತಂದೆ ಎದುರಿಗಿದ್ದಾನೆ. ಹ್ಯಾನಾಗೆ ಆ ಅನುಕೂಲವೂ ಇಲ್ಲ.

‘ಎ ಕ್ವಯಟ್ ಪ್ಲೇಸ್’ನ ಕೊನೆಯಲ್ಲಿ ಮನೆಯವರು ತೋಟದಲ್ಲಿ ಕುಳಿತು ತಾಯಿಯ ದಿನಚರಿಯನ್ನು ಓದುತ್ತಾರೆ, ಮತ್ತೆ ಜಗಳ ಹತ್ತಿಕೊಳ್ಳುತ್ತದೆ, ಹಾಳೆಗಳು ಗಾಳಿಗೆ ಹಾರುತ್ತವೆ. ತಂದೆ ಮಗ ಒಬ್ಬರಿಗೊಬ್ಬರು ಹತ್ತಿರವಾಗುವುದು ಅದರ ನಂತರದ ಮೌನದಲ್ಲಿ, ಯಾರೂ ಹಾಡದಿರುವಾಗ.