‘ವಿಧವೆ’ ಅಂತ ಟಿಕ್ ಹಾಕಿದ ದಿನ

ಶ್ರೀಲಂಕಾದ ಉತ್ತರ ಭಾಗದ ಮಹಿಳಾ ಕೇಂದ್ರಗಳಿಗೆ ಹೋಗಿ, ಅಲ್ಲಿ ಏನು ನಡೀತಿದೆ ಅಂತ ನೋಡಿ ವರದಿ ಬರೆಯುವುದು ನನ್ನ ಕೆಲಸವಾಗಿತ್ತು. ಕಿಳಿನೊಚ್ಚಿ, ಮುಲ್ಲೈತೀವು ಜಿಲ್ಲೆಗಳಲ್ಲಿ ಓಡಾಟ. ಆ ಸೀಮೆಗೆ ವನ್ನಿ ಅಂತಾರೆ. ಸರ್ಕಾರದ ಸೈನ್ಯಕ್ಕೂ ತಮಿಳು ಹುಲಿಗಳಿಗೂ (ಎಲ್‌ಟಿಟಿಇ) 1983ರಲ್ಲಿ ಶುರುವಾದ ಯುದ್ಧ 2009ರ ಮೇ ತಿಂಗಳಲ್ಲಿ ಮುಗಿದದ್ದು ಇಲ್ಲೇ, ಮುಲ್ಲೈತೀವಿನ ಕಡಲ ದಂಡೆಯಲ್ಲಿ.

ನಾನು ಮೊದಲು ಹೋದದ್ದು 2017ರ ಮಾರ್ಚ್‌ನಲ್ಲಿ. ಎ9 ಹೆದ್ದಾರಿ ಅಷ್ಟರಲ್ಲಿ ನುಣ್ಣಗಾಗಿತ್ತು. ಪೇಟೆಯಲ್ಲಿ ಬ್ಯಾಂಕುಗಳು, ಹೊಸ ಅಂಗಡಿಗಳು. ಒಳದಾರಿಗೆ ತಿರುಗಿದರೆ ಮಾತ್ರ ತಲೆ ಹಾರಿಹೋದ ತಾಳೆಮರಗಳು, ನೆಲಬಾಂಬ್ ಇದೆ ಹುಷಾರು ಅಂತ ತಲೆಬುರುಡೆ ಬರೆದ ಕೆಂಪು ಹಲಗೆಗಳು.

ಕೇಂದ್ರ ಅಂದರೆ ದೊಡ್ಡ ಕಟ್ಟಡವೇನಲ್ಲ. ತಗಡಿನ ಸೂರು, ಸಿಮೆಂಟ್ ನೆಲ, ಗೋಡೆಗೆ ಒರಗಿಸಿಟ್ಟ ನಾಲ್ಕು ಹೊಲಿಗೆ ಮಷೀನು. ಬಾಗಿಲಲ್ಲಿ ಚಪ್ಪಲಿ ರಾಶಿ. ಒಳಗೆ ಹೆಂಗಸರು ಸುತ್ತ ಕೂತು ತಾಳೆಗರಿಯ ಬುಟ್ಟಿ ಹೆಣೆಯುತ್ತಿದ್ದರು. ಗರಿಯನ್ನು ಸಣ್ಣ ಪಟ್ಟಿ ಸೀಳಿ, ಬಣ್ಣದ ನೀರಲ್ಲಿ ಕುದಿಸಿ, ಒಣಗಿಸಿ ಇಟ್ಟುಕೊಂಡಿರ್ತಾರೆ. ಹೆಣೆಯುವಾಗ ಒದ್ದೆ ಕೈಯಲ್ಲಿ ಸವರ್ತಾ ಇರಬೇಕು, ಇಲ್ಲದಿದ್ದರೆ ಸೀಳಿಹೋಗುತ್ತೆ. ಹಾಗಾಗಿ ಎಲ್ಲರ ಬೆರಳ ತುದಿಯೂ ನೇರಳೆ, ಹಸಿರು.

ನನ್ನ ಕೈಯಲ್ಲಿ ಫಾರಂ. ಹೆಸರು, ವಯಸ್ಸು, ಮಕ್ಕಳೆಷ್ಟು, ಆದಾಯ ಎಲ್ಲಿಂದ. ಅದರಲ್ಲೊಂದು ಕಾಲಂ: ಮದುವೆಯಾಗಿದೆ, ಮದುವೆಯಾಗಿಲ್ಲ, ವಿಧವೆ, ಗಂಡನನ್ನು ಬಿಟ್ಟವರು. ಒಂದಕ್ಕೆ ಟಿಕ್ ಹಾಕಬೇಕು. ದಿನಕ್ಕೆ ಮೂರು ಕೇಂದ್ರ ಮುಗಿಸುವ ಆತುರ ಬೇರೆ.

ನನಗೆ ಅರೆಬರೆ ತಮಿಳು ಬರುತ್ತೆ. ಒಬ್ಬ ಹೆಂಗಸನ್ನು ಗಂಡನ ಬಗ್ಗೆ ಕೇಳಿದೆ. ‘ಇಲ್ಲೈ’ ಅಂದರು. ಅಷ್ಟೇ. ನಮ್ಮ ಕಡೆ ‘ಅವರು ಇಲ್ಲ’ ಅಂದರೆ ತೀರಿಕೊಂಡರು ಅಂತ ತಾನೇ? ಕನ್ನಡದ ಕಿವಿಯಲ್ಲೇ ಕೇಳಿಸಿಕೊಂಡೆ. ವಿಧವೆ ಅಂತ ಟಿಕ್ ಹಾಕಿ ಮುಂದಿನ ಪ್ರಶ್ನೆಗೆ ಹೋದೆ. ಆಕೆಗೆ ಫಾರಂ ತಲೆಕೆಳಗಾಗಿ ಕಾಣ್ತಿತ್ತು. ಆದರೂ ಟಿಕ್ ಎಲ್ಲಿ ಬಿತ್ತು ಅಂತ ನೋಡಿದರು. ಏನೂ ಅನ್ನಲಿಲ್ಲ. ಕೈಯಲ್ಲಿದ್ದ ಗರಿ ಕೆಳಗಿಟ್ಟು ಎದ್ದು ಹೋದರು.

ಆಕೆಯ ಹಣೆಯಲ್ಲಿ ಕುಂಕುಮ ಇತ್ತು. ಕೊರಳಲ್ಲಿ ತಾಳಿ ಇತ್ತು. ಎರಡು ಮೊಳ ದೂರದಲ್ಲಿ ಕೂತಿದ್ದ ನನಗೆ ಕಂಡಿರಲಿಲ್ಲ, ಯಾಕಂದ್ರೆ ನಾನು ನೋಡ್ತಿದ್ದದ್ದು ಫಾರಂ.

ಆಮೇಲೆ ಕೇಂದ್ರ ನೋಡಿಕೊಳ್ಳುವವರು ಹೇಳಿದರು. ಯುದ್ಧದ ಕೊನೆಯ ದಿನಗಳಲ್ಲಿ ಜನ ವಟ್ಟುವಾಕಲ್ ಸೇತುವೆ ದಾಟಿ ಸೈನ್ಯದ ಕಡೆ ಬಂದರಲ್ಲ, ಆಗ ಆಕೆ ಗಂಡನನ್ನು ತಾನೇ ಕರೆದುಕೊಂಡು ಹೋಗಿ ಒಪ್ಪಿಸಿದ್ದರು. ವಿಚಾರಣೆ ಮಾಡಿ ಬಿಡ್ತಾರೆ ಅಂದಿದ್ದರಂತೆ. ಗಂಡ ಬಸ್ ಹತ್ತಿದ್ದನ್ನು ಆಕೆ ಕಣ್ಣಾರೆ ನೋಡಿದ್ದಾರೆ. ಆಮೇಲೆ ಸುದ್ದಿಯಿಲ್ಲ. ಅಲ್ಲಿ ಇಂಥವರಿಗೆ ‘ಕಾಣಾಮಲ್ ಆಕ್ಕಪ್ಪಟ್ಟೋರ್’ ಅಂತಾರೆ. ತಾವಾಗಿ ಕಾಣೆಯಾದವರಲ್ಲ, ಇವರನ್ನು ಯಾರೋ ಕಾಣದಂತೆ ಮಾಡಿದ್ದಾರೆ ಅಂತ. ಆ ‘ಆಕ್ಕಪ್ಪಟ್ಟ’ ಅನ್ನೋದನ್ನು ಯಾರೂ ಬಿಡುವುದಿಲ್ಲ, ಒತ್ತಿ ಹೇಳ್ತಾರೆ.

ನನ್ನ ಟಿಕ್ ಬರೀ ಮನಸ್ಸು ನೋಯಿಸಿದ ಮಾತಲ್ಲ ಅಂತ ಅರ್ಥವಾಗಲು ಇನ್ನೂ ಕೆಲವು ದಿನ ಬೇಕಾಯಿತು. 2010ರಲ್ಲಿ ಅಲ್ಲಿ ಒಂದು ಕಾನೂನು ಬಂತು. ಒಂದು ವರ್ಷಕ್ಕಿಂತ ಜಾಸ್ತಿ ಕಾಣೆಯಾಗಿದ್ದವರ ಸಾವನ್ನು ನೋಂದಾಯಿಸಬಹುದು ಅಂತ. ಜಮೀನು, ಬ್ಯಾಂಕ್ ಖಾತೆ, ಪರಿಹಾರ ಎಲ್ಲಕ್ಕೂ ಆ ಮರಣಪತ್ರ ದಾರಿ ಮಾಡಿಕೊಡ್ತಿತ್ತು. ಎಷ್ಟೋ ಹೆಂಗಸರು ಬಡತನ ತಡೆದುಕೊಂಡರೇ ಹೊರತು ಅದನ್ನು ತಗೊಳ್ಳಲಿಲ್ಲ. ತಗೊಂಡರೆ ಗಂಡ ಸತ್ತ ಅಂತ ತಾವೇ ಸಹಿ ಮಾಡಿದ ಹಾಗೆ. ಆಮೇಲೆ ಹುಡುಕಿಕೊಡಿ ಅಂತ ಯಾವ ಬಾಯಲ್ಲಿ ಕೇಳೋದು? 2016ರಲ್ಲಿ ತಿದ್ದುಪಡಿ ಆಗಿ, ಸತ್ತಿದ್ದಾರೆ ಅನ್ನದೆ ‘ಇಲ್ಲಿಲ್ಲ’ ಅಂತಷ್ಟೇ ಹೇಳುವ ಪ್ರಮಾಣಪತ್ರ ಬಂತು. ಅಂದರೆ ಸರ್ಕಾರದ ಕಾಗದವೇ ಎರಡನ್ನೂ ಬೇರೆ ಮಾಡಿತ್ತು. ನನ್ನ ಫಾರಂ ಮಾಡಿರಲಿಲ್ಲ.

ಇಂಥ ಜಾಗದಲ್ಲಿ ಪಟ್ಟಿ ಅನ್ನೋದು ಕೈಯಿಂದ ಕೈಗೆ ಹೋಗುತ್ತೆ. ನಾಳೆ ಯಾರೋ ಅದನ್ನೇ ತೆಗೆದು, ನೀವೇ ವಿಧವೆ ಅಂತ ಬರೆಸಿದ್ದೀರಲ್ಲ ಅಂದರೆ? ಆಕೆ ಎದ್ದು ಹೋಗಿದ್ದು ಆ ಭಯಕ್ಕೆ.

ನಾನು ಹೋದ ವರ್ಷವೇ, 2017ರ ಫೆಬ್ರವರಿ 20ರಿಂದ, ಕಿಳಿನೊಚ್ಚಿಯ ಕಂದಸ್ವಾಮಿ ಕೋವಿಲ್ (ದೇವಸ್ಥಾನ) ಎದುರು ತಮ್ಮವರನ್ನು ಹುಡುಕಿಕೊಡಿ ಅಂತ ತಾಯಂದಿರು ಧರಣಿ ಕೂತಿದ್ದರು. ನಮ್ಮ ವ್ಯಾನ್ ದಿನಾ ಅದರ ಮುಂದೆಯೇ ಹೋಗ್ತಿತ್ತು. ಮಕ್ಕಳ ಫೋಟೋ, ಗಂಡಂದಿರ ಫೋಟೋ. ಈ ಘಟನೆ ಆದಮೇಲೆ ಒಂದು ಸಂಜೆ ಇಳಿದು ಹೋದೆ. ನಾನು ನೋಡಿದ ಒಂದು ಫೋಟೋಗೂ ಹಾರ ಇರಲಿಲ್ಲ.

ಆಫೀಸಿಗೆ ಫೋನ್ ಮಾಡಿ ಕಾಲಂ ಬದಲಾಯಿಸಿ ಅಂದೆ. ದುಡ್ಡು ಕೊಡುವವರ ಫಾರಂ ಅದು, ಎಲ್ಲ ದೇಶಕ್ಕೂ ಒಂದೇ, ಸಾಧ್ಯವಿಲ್ಲ ಅಂದರು. ನಾನು ಟಿಕ್ ಹಾಕುವುದನ್ನೇ ನಿಲ್ಲಿಸಿದೆ. ಮನೆಯಲ್ಲಿ ಯಾರ್ಯಾರು ಅಂತ ಕೇಳುವುದು, ಅವರು ಹೇಳಿದ್ದನ್ನು ಅವರ ಮಾತಲ್ಲೇ ಅಂಚಿನಲ್ಲಿ ಬರೆಯುವುದು, ಬರೆದದ್ದನ್ನು ಓದಿ ಹೇಳುವುದು. ದಿನಕ್ಕೆ ಮೂರು ಕೇಂದ್ರ ಹೋಗಿ ಒಂದಾಯಿತು. ಮೇಲಿನವರಿಗೆ ಸಿಟ್ಟೂ ಬಂತು. ಆದರೆ ಆ ಅಂಚಿನ ಬರಹ ಜಾಸ್ತಿ ಆಗ್ತಾ ಹೋದಾಗ ಅವರೇ ಕೇಳಿದರು, ಇಷ್ಟು ಜನ ಯಾವ ಲೆಕ್ಕಕ್ಕೂ ಸೇರಿಲ್ವಲ್ಲ ಅಂತ. ಮುಂದಿನ ವರ್ಷದ ಫಾರಂನಲ್ಲಿ ಒಂದು ಸಾಲು ಖಾಲಿ ಬಿಟ್ಟರು.

ಆ ಫಾರಂ ಹಿಡಿದು ಅದೇ ಕೇಂದ್ರಕ್ಕೆ ಹೋದೆ. ಆಕೆ ಇದ್ದರು. ಕ್ಷಮೆ ಕೇಳಿದೆ. ಪೂರ್ತಿ ಕೇಳಿಸಿಕೊಳ್ಳದೆ ಫಾರಂ ತಗೊಂಡು ತಮ್ಮ ಕಡೆಗೆ ತಿರುಗಿಸಿಕೊಂಡರು. ಖಾಲಿ ಸಾಲಿನಲ್ಲಿ ಗಂಡನ ಹೆಸರು ಬರೆದರು. ವಯಸ್ಸಿನ ಹತ್ತಿರ ಪೆನ್ನು ನಿಂತಿತು.

‘ಎಷ್ಟು ಬರೆಯಲಿ? ಆಗಿನದಾ, ಈಗಿನದಾ?’

‘ಈಗಿನದು’ ಅಂದೆ.

ನೇರಳೆ ಬೆರಳು ಮಡಚಿ ಲೆಕ್ಕ ಹಾಕಿ, 43 ಅಂತ ಬರೆದರು.